ದೇವರ ಮನೆಗೆ ಎಳೆದ ತಂತಿ

ತಂತಿ ಕೆಲಸ ಮಾಡುವಾಗ ಆ ವೈರ್‌ಮನ್ ಅವರ ಎಡಗೈ ಬೆನ್ನ ಹಿಂದೆ ಇರುತ್ತಿತ್ತು. ಖಾಕಿ ಚಡ್ಡಿಯ ಬೆಲ್ಟಿನೊಳಗೆ ಹೆಬ್ಬೆರಳು ಸಿಕ್ಕಿಸಿ, ಅಂಗೈ ಹೊರಕ್ಕೆ ತಿರುಗಿಸಿ, ಆ ಕೈ ತನ್ನದಲ್ಲ ಎಂಬಂತೆ ಅಲ್ಲೇ ಬಿಟ್ಟುಬಿಡುತ್ತಿದ್ದರು. ಸ್ವಿಚ್ಚಿನ ಮುಚ್ಚಳ ತೆಗೆಯುವುದು, ತಂತಿಯ ತುದಿ ಕೆರೆಯುವುದು, ಸ್ಕ್ರೂ ಬಿಗಿಯುವುದು, ಎಲ್ಲಾ ಬಲಗೈ ಒಂದರಿಂದಲೇ. ಸ್ಕ್ರೂಗಳನ್ನು ತುಟಿಗಳ ನಡುವೆ ಹಿಡಿದಿರುತ್ತಿದ್ದುದರಿಂದ ಮಾತು ಅರ್ಧ ಮೂಗಿನಿಂದ ಬರುತ್ತಿತ್ತು.

ತಲೆಬಾಗಿಲ ಹತ್ತಿರದ ಮೇನ್ ಸ್ವಿಚ್ಚನ್ನು ಅವರೇ ಕೆಡವಿ, ಮನೆಯ ಕರೆಂಟು ನಿಲ್ಲಿಸಿ ಬಂದಿರುತ್ತಿದ್ದರು. ಆಮೇಲೂ ಎಡಗೈ ಮುಂದೆ ಬರುತ್ತಿರಲಿಲ್ಲ. ಮೇನ್ ಕೆಡವಿದ ಮೇಲೆ ಎಂಥ ಹೆದರಿಕೆ ಎಂದು ನಾನೊಮ್ಮೆ ಕೇಳಿದೆ.

"ಕೆಡವೀನಿ ಅನ್ನೂದು ನನಗ ಗೊತ್ತೈತ್ರಿ ಸಣ್ಣ ಧಣೇರ," ಎಂದರು. "ತಂತಿಗೆ ಗೊತ್ತೈತೋ ಇಲ್ಲೋ."

ಎರಡೂ ಕೈ ಕೊಟ್ಟರೆ ಕರೆಂಟು ಒಂದು ಕೈಯಿಂದ ಹೊಕ್ಕು ಎದೆ ಹಾದು ಇನ್ನೊಂದು ಕೈಯಿಂದ ಹೋಗುತ್ತದೆ ಎಂದು ಅವರಿಗೆ ಕಲಿಸಿದ್ದು ಸಿರುಗುಪ್ಪದ ಅಕ್ಕಿ ಗಿರಣಿ. ಆ ಗಿರಣಿಯ ಎಂಜಿನ್ನಿಗೆ ಜೋಡಿಸಿದ್ದ ಡೈನಮೋ ನೋಡಿಕೊಳ್ಳುತ್ತಲೇ ಅವರು ಕೆಲಸ ಕಲಿತದ್ದು. ಅಲ್ಲಿ ಎರಡೂ ಕೈ ಕೊಟ್ಟು ಸತ್ತವನು ಜೊತೆಗೆ ಕೆಲಸ ಮಾಡುತ್ತಿದ್ದವನು ಎಂದು ಒಂದು ಸಲ ಹೇಳಿದ್ದರು. ಮತ್ತೊಂದು ಸಲ ಸ್ವಂತ ಅಣ್ಣ ಎಂದರು. ಎರಡರಲ್ಲಿ ಯಾವುದು ನಿಜ ಎಂದು ನಾನು ಕೇಳಲಿಲ್ಲ. ಅವರೇ ಬದಲಿಸಿ ಹೇಳಿದರೋ, ನನ್ನ ನೆನಪೇ ಒಂದನ್ನು ಕಟ್ಟಿತೋ, ಈಗ ಹೇಳಲಾರೆ.

ಬಳ್ಳಾರಿಯಲ್ಲಿ ಆಗ ಕರೆಂಟಿದ್ದ ಮನೆಗಳನ್ನು ಹುಡುಕಬೇಕಾಗಿತ್ತು. ನಮ್ಮದು ಬ್ರೂಸ್‌ಪೇಟೆಯ ಹಳೆಯ ಮಣ್ಣಿನ ಮಾಳಿಗೆ ಮನೆ. ಅಪ್ಪ ತೀರಿಕೊಂಡಿದ್ದರು. ನಾನು ವಕೀಲರೊಬ್ಬರ ಕಚೇರಿಯಲ್ಲಿ ಬರೆಯುವ ಕೆಲಸಕ್ಕೆ ಸೇರಿದ್ದೆ. ಮನೆಯಲ್ಲಿ ಅವ್ವ, ನಾನು, ಇಬ್ಬರೇ. ಎರಡನೆಯ ಮಹಾಯುದ್ಧ ಮುಗಿದ ವರ್ಷವೋ, ಮರುವರ್ಷವೋ ನಮ್ಮ ಮನೆಗೆ ತಂತಿ ಬಂತು. ಹಾಕಿದವರು ಈ ವೈರ್‌ಮನ್. ಊರು ಕುರುಗೋಡು. ಹೆಂಡತಿ ಮಕ್ಕಳು ಅಲ್ಲೇ ಇದ್ದರು. ಇವರು ಬಳ್ಳಾರಿಯಲ್ಲಿ ಒಂದು ಖೋಲಿ ಹಿಡಿದು, ಕರೆಂಟ್ ಆಫೀಸಿನ ಪರ್ಮಿಟ್ಟಿನ ಮೇಲೆ ಮನೆಮನೆಗೆ ತಂತಿ ಹಾಕುತ್ತಿದ್ದರು. ಅವ್ವ ಅವರನ್ನು ದೀಪದಣ್ಣ ಎನ್ನುತ್ತಿದ್ದಳು. ಓಣಿಯವರೂ ಹಾಗೇ ಕರೆಯತೊಡಗಿದರು.

ನಿಲ್ಲಲು ಒಣ ಹಲಗೆ ಬೇಕೇಬೇಕು ಅವರಿಗೆ. ಬರಿಯ ನೆಲದ ಮೇಲೆ ನಿಂತು ತಂತಿ ಮುಟ್ಟುತ್ತಿರಲಿಲ್ಲ. ಊಟದ ಮಣೆಯನ್ನು ತುಳಿಯಲು ಯಾವ ಮನೆಯವರೂ ಕೊಡುವುದಿಲ್ಲ, ಕೇಳಿದರೆ ಜಗಳ. ಹಾಗಾಗಿ ತಮ್ಮದೇ ಒಂದು ಮಣೆಗೆ ಹಗ್ಗ ಕಟ್ಟಿ ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದರು. "ಏನಣ್ಣಾ, ಊಟಕ್ಕ ಹೊಂಟಿ ಏನು?" ಎಂದು ದಾರಿಯಲ್ಲಿ ಯಾರಾದರೂ ಕೆಣಕುವರು. "ಕರದ್ರ ಬರ್ತೀನಿ, ಮಣಿ ನಂದ ಐತಿ," ಎಂಬುದು ಅವರ ಉತ್ತರ.

ಪಡಸಾಲೆಗೊಂದು, ಅಡುಗೆ ಮನೆಗೊಂದು, ನನ್ನ ಓದುವ ಕೋಣೆಗೊಂದು ಬಲ್ಬು. ಸಾಗುವಾನಿ ಪಟ್ಟಿಯೊಳಗೆ ತಂತಿ ಕೂಡಿಸಿ, ಪಟ್ಟಿಯ ಮೇಲೆ ಮುಚ್ಚಳ ಬಡಿದು, ಗೆರೆ ಎಳೆದಂತೆ ಮಾಡಿದ್ದರು. ಅವ್ವ ನಾಲ್ಕನೆಯದನ್ನು ಕೇಳಿದಳು. ದೇವರ ಮನೆಗೆ.

ಅವಳ ಕಣ್ಣಿಗೆ ಪೊರೆ ಬರುತ್ತಿತ್ತು. ದೇವರ ಮನೆ ಕಿಟಕಿಯಿಲ್ಲದ ಕತ್ತಲ ಕೋಣೆ, ಗೋಡೆಯಾಚೆ ಬಚ್ಚಲು. ಎಣ್ಣೆ ದೀಪದಲ್ಲಿ ಅವಳಿಗೆ ದೇವರ ಮುಖ ಕಾಣುತ್ತಿರಲಿಲ್ಲ. ಹಣೆಗೆ ಇಡುವ ಕುಂಕುಮ ಮೂಗಿಗೋ ಗಲ್ಲಕ್ಕೋ ಹೋಗುತ್ತಿತ್ತು. "ಅಷ್ಟೂ ದೇವ್ರಿಗೂ ನೆಗಡಿ ಆದಂಗ ಕಾಣತಾವ," ಎಂದು ತಾನೇ ನಗುತ್ತಿದ್ದಳು.

ವೈರ್‌ಮನ್ ಆ ಕೋಣೆಯ ಹೊಸ್ತಿಲಲ್ಲಿ ನಿಂತು, ಗೋಡೆಗೆ ಅಂಗೈ ಒತ್ತಿ ನೋಡಿದರು. ತಂಪಿತ್ತು. ನೆಲದ ಕಲ್ಲು ನೋಡಿದರು. ಒದ್ದೆಯಾಗಿತ್ತು.

"ಇಲ್ಲಿ ಬ್ಯಾಡ್ರಿ ಅವ್ವಾರ."

"ಯಾಕೋ? ದೇವ್ರಿಗೆ ಕರೆಂಟ್ ಮೈಲಿಗಿ ಏನು?"

"ದೇವ್ರಿಗೆ ಏನೂ ಆಗೂದಿಲ್ಲ. ನೀವು ಜಳಕ ಮಾಡಿ ಒದ್ದಿ ಸೀರ್ಯಾಗ ಬರ್ತೀರಿ. ಒದ್ದಿ ಸೀರಿ, ಕರೆಂಟು, ಇವೆರಡೂ ಬೀಗತನ ಮಾಡಬಾರ್ದ್ರಿ. ಮದುವ್ಯಾಗ ಒಬ್ರು ಹೋಗ್ತಾರ."

ಅವ್ವ ನಕ್ಕು ಸುಮ್ಮನಾದಳು. ನಾನು ಸುಮ್ಮನಾಗಲಿಲ್ಲ. ನನಗೆ ಇಪ್ಪತ್ತಮೂರು ವರ್ಷ. ಲೈಬ್ರರಿಯಲ್ಲಿ ಸಿಕ್ಕ ಇಂಗ್ಲಿಷ್ ಪುಸ್ತಕದಿಂದ ವಿದ್ಯುತ್ತಿನ ಚಿತ್ರಗಳನ್ನು ನಕಲು ಮಾಡಿಕೊಂಡಿದ್ದೆ. ನಾಲ್ಕನೇ ತರಗತಿಯಷ್ಟೇ ಕಲಿತ ಮನುಷ್ಯನೊಬ್ಬ ನನಗೆ ಗೊತ್ತಿರುವುದನ್ನು ನನಗೇ ಬೇಡವೆನ್ನುವುದು ಸರಿಬರಲಿಲ್ಲ. ಆಮೇಲೆ ಮಾಡಿದ್ದೆಲ್ಲ ಅವ್ವನ ಕಣ್ಣಿಗಾಗಿ ಎಂದು ಬಹಳ ಕಾಲ ಹೇಳಿಕೊಂಡು ಬಂದೆ. ಸ್ವಲ್ಪ ಅದೂ ಇತ್ತು.

ಬಜಾರಿನಿಂದ ಹತ್ತಿ ನೂಲು ಸುತ್ತಿದ ಜೋಡಿ ತಂತಿ ತಂದೆ. ಪಡಸಾಲೆಯ ಬಲ್ಬಿನ ಹತ್ತಿರದ ತಂತಿಗೆ ಅದನ್ನು ಹೆಣೆದು, ಗೋಡೆಯ ಮೇಲಿನ ಬೆಳಕಿಂಡಿಯಿಂದ ಹಿತ್ತಲ ಕಡೆ ತಂದು, ಅಲ್ಲಿಂದ ದೇವರ ಮನೆಯೊಳಕ್ಕೆ ಬಿಟ್ಟೆ. ಹೆಣೆದ ಕಡೆಗೆ ಹಳೆಯ ಧೋತರದ ಚೂರು ಸುತ್ತಿದೆ, ದೇವರ ಮನೆಯ ಬಾಗಿಲಲ್ಲಿ ಒಂದು ಸ್ವಿಚ್ಚು ಹಾಕಿದೆ. ಬಲ್ಬನ್ನು ಬರೀ ನೇತುಹಾಕಿದರೆ ಚೆನ್ನಾಗಿರದು ಎಂದು ನಮ್ಮ ಹಿತ್ತಾಳೆಯ ತೂಗುದೀಪದೊಳಗೆ ಕೂಡಿಸಿದೆ. ದೀಪದ ಸರಪಳಿಯ ಕೊಂಡಿ ಕೊಂಡಿಯೊಳಗೆ ತಂತಿ ಪೋಣಿಸಿ, ಮೇಲಿನಿಂದ ಕೆಳಗೆ ಜಡೆ ಹೆಣೆದಂತೆ ತಂದೆ. ಆ ಜಡೆಯ ಬಗ್ಗೆ ನನಗೆ ವಿಶೇಷ ಹೆಮ್ಮೆ ಇತ್ತು.

ಅವ್ವ ಒಪ್ಪಲಿಲ್ಲ. "ದೀಪದಣ್ಣ ಬ್ಯಾಡ ಅಂದಾನ."

"ಕೇಳಿ ಬಂದೀನಿ. ಹೂಂ ಅಂದ್ರು. ಹೆಂಗ ಹಾಕಬೇಕು ಅಂತ ಅವ್ರ ಹೇಳಿಕೊಟ್ರು," ಎಂದೆ.

ಸುಳ್ಳು ಅಷ್ಟೇ. ಒಂದು ಉಸಿರಿನಲ್ಲಿ ಮುಗಿದುಹೋಯಿತು.

ಅಂದೇ ಮಧ್ಯಾಹ್ನ, ಅವ್ವ ಒಳಗೆ ಮಲಗಿದ್ದಾಗ, ವೈರ್‌ಮನ್ ನಮ್ಮಲ್ಲಿ ಮರೆತುಹೋಗಿದ್ದ ಇಕ್ಕಳಕ್ಕಾಗಿ ಬಂದರು. ಹಿತ್ತಲಲ್ಲಿ ಬೆಳಕಿಂಡಿಯಿಂದ ಇಳಿದ ತಂತಿ ಕಂಡಿತು. ನಿಂತರು.

"ಇದ್ಯಾರ ಕೈ ಕೆಲಸ್ರಿ?"

"ಸುಮ್ನ ಎಳದೀನಿ. ಇನ್ನ ಹಚ್ಚಿಲ್ಲ."

"ಹಚ್ಚಬ್ಯಾಡ್ರಿ. ಗಿರಣಿ ಡೈನಮೋ ಕೆಟ್ಟೈತಿ ಅಂತ ಸಿರುಗುಪ್ಪದಿಂದ ಹೇಳಿ ಕಳಿಸ್ಯಾರ, ಬಸ್ ಬಿಡೂ ಹೊತ್ತಾತು. ನಾಳೆ ಬಂದು ತೆಗೀತೀನಿ. ಅಲ್ಲಿತನಕ ಮುಟ್ಟಬ್ಯಾಡ್ರಿ." ಎರಡು ಹೆಜ್ಜೆ ಹೋಗಿ ತಿರುಗಿ, "ಕೇಳಿಸ್ತೋ ಇಲ್ಲೋ?" ಎಂದರು.

ಹೂಂ ಎಂದೆ. ಅಂದು ಸಂಜೆ ಹಚ್ಚಿದೆ. ಅವ್ವ ಬಲ್ಬಿಗೇ ಮೊದಲು ಕೈ ಮುಗಿದಳು. ಆಮೇಲೆ ದೇವರ ಹಣೆಗೆ ಸರಿಯಾಗಿ ಕುಂಕುಮ ಇಟ್ಟಳು.

ಡೈನಮೋ ರಿಪೇರಿ ಮುಗಿಯಲಿಲ್ಲ, ಅವರಿಗೆ ಮರುದಿನ ಬರಲಾಗಲಿಲ್ಲ. ನಾಲ್ಕೈದು ದಿನಕ್ಕೆ ಫ್ಯೂಜು ಸುಟ್ಟಿತು. ಒಂದೆಳೆಯ ಬದಲು ಮೂರೆಳೆ ತಾಮ್ರ ಹಾಕಿದೆ. ಮತ್ತೆ ಸುಡಲಿಲ್ಲ. ಅದನ್ನು ನಾನು ಜಯವೆಂದು ತಿಳಿದೆ.

ಅವರು ಬರದೆ ಒಂಬತ್ತು ದಿನವಾಗಿತ್ತು. ಮುಂಜಾನೆ ನಾನು ಪಡಸಾಲೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದೆ. ದೇವರ ಮನೆಯಿಂದ ಒಂದು ಸದ್ದು ಬಂತು. ಕೂಗಲ್ಲ. ಗಂಟಲಿನಲ್ಲೇ ನಿಂತ ಏನೋ. ಅವ್ವ ಒದ್ದೆ ಸೀರೆಯಲ್ಲಿ, ಒದ್ದೆ ಕಲ್ಲಿನ ಮೇಲೆ ನಿಂತು, ಸರಪಳಿಗೆ ಹೂ ಮುಡಿಸಲು ಕೈ ಎತ್ತಿದ್ದಳು. ಹೂ ದಾಸವಾಳವೋ ಸೇವಂತಿಗೆಯೋ ನೆನಪಿಲ್ಲ. ಕೈ ಸರಪಳಿಗೆ ಕಚ್ಚಿಕೊಂಡಿತ್ತು, ಬಿಡುತ್ತಿರಲಿಲ್ಲ. ನಾನು ಹಾಕಿದ್ದ ಸ್ವಿಚ್ಚು ಬಾಗಿಲಲ್ಲೇ ಇತ್ತು. ಆರಿಸಿದೆ. ಬಲ್ಬು ಆರಿತು. ಅವ್ವನ ಕೈ ಬಿಡಲಿಲ್ಲ. ಬಲ್ಬು ಆರಿದೆ ಎಂಬ ಧೈರ್ಯದಲ್ಲಿ ಅವಳ ತೋಳು ಹಿಡಿದೆ. ಗೋಡೆಗೆ ಹೋಗಿ ಬಿದ್ದೆ.

ಸ್ವಿಚ್ಚನ್ನು ನಾನು ತಪ್ಪು ತಂತಿಗೆ ಹಾಕಿದ್ದೆ. ಆರಿಸಿದರೆ ಬೆಳಕು ಹೋಗುತ್ತಿತ್ತು, ಬಲ್ಬಿನವರೆಗೆ ಕರೆಂಟು ಹಾಗೇ ಉಳಿಯುತ್ತಿತ್ತು. ದೀಪ ತೂಗಿ ತೂಗಿ, ಕೊಂಡಿಗಳು ನೂಲನ್ನು ಸವೆಸಿ, ಸರಪಳಿಯೇ ತಂತಿಯಾಗಿತ್ತು. ಏನಾದರೂ ಆದರೆ ಮೊದಲು ತಲೆಬಾಗಿಲ ಹತ್ತಿರದ ಮೇನ್ ಕೆಡವಿರಿ ಎಂದು ವೈರ್‌ಮನ್ ಮೂರು ಸಲ ಹೇಳಿಹೋಗಿದ್ದರು. ಆ ಹೊತ್ತಿನಲ್ಲಿ ಅದು ನನ್ನ ತಲೆಯಲ್ಲಿ ಇರಲಿಲ್ಲ.

ಅವ್ವ ಕುಸಿದಳು. ಅವಳ ಭಾರಕ್ಕೆ ದೀಪ ಜಗ್ಗಿ, ಧೋತರದ ಚೂರು ಸುತ್ತಿದ್ದ ಹೆಣಿಕೆ ಬಿಚ್ಚಿಕೊಂಡು ಕರೆಂಟು ಕಡಿಯಿತು. ಕೆಲಸ ಗಟ್ಟಿಯಾಗಿ ಮಾಡಿದ್ದರೆ ಅವಳು ಉಳಿಯುತ್ತಿರಲಿಲ್ಲ.

ಅಂಗೈ ಸುಟ್ಟಿತ್ತು. ಎರಡು ಬೆರಳು ಸೆಟೆದುಕೊಂಡವು, ಮತ್ತೆಂದೂ ಮಡಚಲಿಲ್ಲ.

ಸುದ್ದಿ ಕೇಳಿ ವೈರ್‌ಮನ್ ಮರುದಿನವೇ ಬಂದರು. ಮೇನ್ ಕೆಡವಿ, ಮಣೆ ಹಾಕಿ ನಿಂತು, ನನ್ನ ತಂತಿಯನ್ನು ಮೊಳ ಮೊಳವಾಗಿ ಎಳೆದು ನೋಡಿದರು. ಫ್ಯೂಜಿನೊಳಗಿನ ಮೂರೆಳೆಯನ್ನು ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದರು.

"ಫ್ಯೂಜು ಸುಮ್ನ ಸುಡೂದಿಲ್ಲ ಸಣ್ಣ ಧಣೇರ. ತಪ್ಪೈತಿ ಅಂತ ಬಾಯಿಬಿಟ್ಟು ಹೇಳಿತ್ತು. ನೀವು ಅದರ ಬಾಯಿ ಹೊಲದ್ರಿ."

ತಂತಿಯನ್ನು ಸುರುಳಿ ಸುತ್ತಿ ಗೋಡೆಗೆ ಒರಗಿಸಿದರು.

ಮೂರನೆಯ ದಿನ ಕರೆಂಟ್ ಆಫೀಸಿನ ಇನ್ಸ್‌ಪೆಕ್ಟರು ಬಂದರು. ಅವರ ಮಾತು ತೆಲುಗು, ಕನ್ನಡ ಕೇಳಿದರೆ ತಿಳಿಯುತ್ತಿತ್ತು. ಅವ್ವನನ್ನು ಪಡಸಾಲೆಯಲ್ಲಿ ಮಂಚದ ಮೇಲೆ ಮಲಗಿಸಿದ್ದೆವು. ವೈರ್‌ಮನ್ ಕಂಬಕ್ಕೆ ಒರಗಿ ನಿಂತಿದ್ದರು, ನಾನು ಮಂಚದ ತಲೆದೆಸೆಗೆ.

"ಇದಿ ಎವರು ಚೇಸಿನಾರು?" ಎಂದು ಇನ್ಸ್‌ಪೆಕ್ಟರು ತಂತಿಯ ಸುರುಳಿ ಎತ್ತಿ ಹಿಡಿದು ಕೇಳಿದರು. ಇದನ್ನು ಮಾಡಿದವರು ಯಾರು?

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ದೀಪದಣ್ಣ ಹೂಂ ಅಂದ ಮ್ಯಾಲೇ ಹಾಕಿದ್ದು. ಅಂವನ ಹೇಳಿಕೊಟ್ಟದ್ದು."

ಅವಳು ನಂಬಿದ್ದನ್ನು ಹೇಳಿದಳು. ಇನ್ಸ್‌ಪೆಕ್ಟರು ವೈರ್‌ಮನ್ ಕಡೆ ತಿರುಗಿದರು. ವೈರ್‌ಮನ್ ನನ್ನ ಕಡೆ ನೋಡಿದರು. ಆ ನೋಟ ನೆನಪಿನಲ್ಲಿ ಬಹಳ ಉದ್ದವಾಗಿದೆ. ಒಂದು ಉಸಿರಿನಷ್ಟು ಇದ್ದೀತು. ಆ ಹೊತ್ತಿನಲ್ಲಿ ನಾನು ಹೇಳಬೇಕಾಗಿದ್ದು ಒಂದೇ ವಾಕ್ಯ.

"ನೋಡಿದ್ದೆನ್ರಿ," ಎಂದರು ವೈರ್‌ಮನ್. "ಕಣ್ಣಾರೆ ನೋಡಿದ್ದೆ. ಅವತ್ತ ಕತ್ತರಿಸಿ ಒಗೀಬೇಕಿತ್ತು. ಬಸ್ ಹೋಗತೈತಿ ಅಂತ ಬಿಟ್ಟು ಹೋದೆ. ನಂದ ತಪ್ಪು."

ಇನ್ಸ್‌ಪೆಕ್ಟರು ಕೈ ಚಾಚಿದರು. ವೈರ್‌ಮನ್ ಅಂಗಿಯ ಒಳಜೇಬಿನಿಂದ ಮೇಣಗಪ್ಪಡದಲ್ಲಿ ಸುತ್ತಿದ್ದ ಪರ್ಮಿಟ್ಟನ್ನು ತೆಗೆದು, ಬಿಚ್ಚಿ, ಮಡಿಕೆ ಸರಿಪಡಿಸಿ ಕೊಟ್ಟರು. ಬಟ್ಟೆಯನ್ನು ವಾಪಸ್ಸು ಜೇಬಿಗೆ ಇಟ್ಟುಕೊಂಡರು. ಅದಿಲ್ಲದೆ ಬಳ್ಳಾರಿಯಲ್ಲಿ ಒಂದು ಬಲ್ಬು ಬದಲಿಸಲೂ ಅವರನ್ನು ಯಾರೂ ಕರೆಯುವಂತಿರಲಿಲ್ಲ.

ಈ ಘಟನೆಯನ್ನು ನಾನು ಗೆಳೆಯರಿಗೆ ಹಲವು ಸಲ ಹೇಳಿದ್ದೇನೆ. ಹೇಳುವಾಗ, "ಅದು ನಾನು ಮಾಡಿದ್ದು" ಎಂದು ನಾನು ಅಂದೆನೆಂದೂ, ಹೊರಗೆ ಹತ್ತಿ ಹೇರಿದ ಬಂಡಿಗಳ ಸದ್ದಿಗೆ ಅದು ಇನ್ಸ್‌ಪೆಕ್ಟರಿಗೆ ಕೇಳಿಸಲಿಲ್ಲವೆಂದೂ ಸೇರಿಸುತ್ತಿದ್ದೆ. ಹೇಳುತ್ತ ಹೇಳುತ್ತ ಆ ಬಂಡಿಗಳು ನನಗೆ ಕಾಣಿಸತೊಡಗಿದವು, ಎತ್ತುಗಳ ಬಣ್ಣ ಸಮೇತ. ಬಂಡಿಗಳು ಇರಲಿಲ್ಲ. ನಾನು ಏನೂ ಅನ್ನಲಿಲ್ಲ.

ಆಮೇಲೆ ಕೆಲವು ತಿಂಗಳು ಹಾಗೇ ಹೋದವು. ವೈರ್‌ಮನ್ ಖೋಲಿ ಬಿಟ್ಟು ಸಿರುಗುಪ್ಪದ ಗಿರಣಿಗೆ ಮರಳಿದರೆಂದು ಗೊತ್ತಾಯಿತು. ಅಲ್ಲಿ ಎಂಜಿನ್ನಿಗೆ ಎಣ್ಣೆ ಬಿಡುವ ಕೆಲಸ. ಒಂದು ದಿನ ಅವ್ವ ರೊಟ್ಟಿ ಬಡಿಯುತ್ತ, ಸೆಟೆದ ಎರಡು ಬೆರಳುಗಳ ಗುರುತು ಹಿಟ್ಟಿನ ಮೇಲೆ ಬಿದ್ದದ್ದನ್ನು ನೋಡಿ ಅಂದಳು:

"ದೀಪದಣ್ಣ ಹಿಂಗ ಮಾಡ್ತಾನ ಅಂತ ಅನಕೊಂಡಿರಲಿಲ್ಲ ನೋಡು. ನಂಬಿದ್ದೆ ಅಂವನ್ನ."

ನಾನು ಹೇಳಿದೆ. ಕೇಳಿದ್ದು ಸುಳ್ಳು, ಅವರು ಹೂಂ ಅಂದದ್ದು ಸುಳ್ಳು, ಹೇಳಿಕೊಟ್ಟದ್ದು ಸುಳ್ಳು. ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಸುಟ್ಟು ಕರಿಯಾಗುವವರೆಗೆ ತಿರುವಲಿಲ್ಲ.

"ಸಿರುಗುಪ್ಪಕ್ಕ ಬಸ್ ಎಷ್ಟೊತ್ತಿಗೈತಿ?"

"ನಾ ಹೋಗಿ ಬರ್ತೀನಿ."

"ನಿನ್ನ ಸುಳ್ಳು ನಿಂದು. ಇನ್ಸ್‌ಪೆಕ್ಟರನ ಮುಂದ ಆಡಿದ್ದು ನನ್ನ ಬಾಯಿ. ಅದನ್ನ ನೀ ಹೆಂಗ ಹೊತಗೊಂಡು ಹೋಗ್ತೀ?"

ಪೆಟ್ರೋಲಿನ ಅಭಾವಕ್ಕೆ ಯುದ್ಧಕಾಲದಲ್ಲಿ ಬಂದ ಇದ್ದಿಲ ಗ್ಯಾಸಿನ ಬಸ್ಸು. ದಾರಿಯಲ್ಲಿ ಎರಡು ಕಡೆ ಬಸ್ಸು ನಿಲ್ಲಿಸಿ, ಅದರ ಬೆನ್ನಿಗೆ ಕಟ್ಟಿದ ಇದ್ದಿಲ ಒಲೆಯನ್ನು ಕೆದಕಿದರು. ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಗಿರಣಿಯ ಅಂಗಳದಲ್ಲಿ ಭತ್ತ ಹರಡಿತ್ತು. ಎಂಜಿನ್ ಕೋಣೆಯಿಂದ ಹೊರಬಂದ ವೈರ್‌ಮನ್ ಅವರ ಹುಬ್ಬು, ಮೀಸೆಗಳ ಮೇಲೆ ತೌಡಿನ ಪುಡಿ ಕೂತು, ಮುದುಕನೊಬ್ಬ ಬರುತ್ತಿರುವಂತೆ ಕಂಡಿತು. ನಮ್ಮನ್ನು ನೋಡಿ ಗಾಬರಿಯಾದರು.

"ಅವ್ವಾರ! ಇಷ್ಟು ದೂರ ಯಾಕ ಬಂದ್ರಿ? ಹೇಳಿ ಕಳಿಸಿದ್ರ ನಾನ ಬರ್ತಿದ್ನಲ್ರಿ."

"ನಾ ತಿಳೀದ ಸುಳ್ಳು ಹೇಳಿದೆ ದೀಪದಣ್ಣ. ನಿನ್ನ ಅನ್ನ ಕಸದೆ."

"ಬೆರಳು ತೋರಸ್ರಿ," ಎಂದರು. ಅವ್ವ ಕೈ ಚಾಚಿದಳು. ಬಿಗಿಯಾಗದ ಕೀಲೊಂದನ್ನು ನೋಡುವ ಹಾಗೆ ಮುಟ್ಟದೆ, ಬಗ್ಗಿ ನೋಡಿದರು.

"ಮಡಚತಾವೇನ್ರಿ?"

"ಎರಡು ಮಡಚೂದಿಲ್ಲ. ರೊಟ್ಟಿ ಬಡಿಯಾಕ ಸಾಕು."

ನಾನು ಏನೋ ಹೇಳಲು ಹೊರಟೆ. ಕ್ಷಮೆ ಎಂಬ ಮಾತು ಅದರಲ್ಲಿತ್ತು. ಅವರು ಅರ್ಧಕ್ಕೇ ತಡೆದರು.

"ನನಗ ಹೇಳಿ ಏನು ಮಾಡ್ತೀರಿ ಸಣ್ಣ ಧಣೇರ? ನನಗ ಗೊತ್ತಿದ್ದದ್ದ ಐತಿ ಅದು. ಗೊತ್ತಿಲ್ಲದವ್ರಿಗೆ ಹೇಳ್ರಿ."

ಬಳ್ಳಾರಿಗೆ ಬಂದು, ಆ ತಂತಿ ಎಳೆದವನು ನಾನೆಂದು ಕರೆಂಟ್ ಆಫೀಸಿಗೆ ಬರೆದುಕೊಟ್ಟೆ. ಅವ್ವ ಅದರ ಕೆಳಗೆ ತಾನೂ ರುಜು ಹಾಕಿದಳು. ಐದಾರು ತಿಂಗಳಿಗೆ ಪರ್ಮಿಟ್ ವಾಪಸ್ಸು ಬಂತು. ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಅವರು ಮತ್ತೆ ಬಳ್ಳಾರಿಗೆ ಬಂದರು, ಖೋಲಿ ಹಿಡಿದರು, ಮಣೆ ಹೊತ್ತು ತಿರುಗಿದರು. ಯಾರೂ ಕರೆಯಲಿಲ್ಲ. ಅವರು ಹಾಕಿದ ತಂತಿ ಹೊಡೆಯುತ್ತದೆ ಎಂದು ಓಣಿಗೆ ಗೊತ್ತಾಗಿಹೋಗಿತ್ತು. ಕಾಗದ ಓದಿದ್ದು ಆಫೀಸು, ಓಣಿಯಲ್ಲ. ನಾನು ಮನೆಮನೆಗೆ ಹೋಗಿ ಹೇಳುವುದೆಂದು ನಿಶ್ಚಯಿಸಿದೆ. ಮೂರು ಮನೆಗೆ ಹೋದೆ. ಮೂರನೆಯ ಮನೆಯ ಹಿರಿಯರು ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಮಜ್ಜಿಗೆ ತರಿಸಿ, ನನ್ನ ಹೆಗಲ ಮೇಲೆ ಕೈ ಇಟ್ಟು ನಕ್ಕರು.

"ಬಡವನ ಹೊಟ್ಟಿ ಉಳಿಸಾಕ ತಪ್ಪು ನಿನ್ನ ಮ್ಯಾಲ ಹಾಕ್ಕೋತೀಯಲ್ಲೋ! ನಿಮ್ಮಪ್ಪನೂ ಹಿಂಗ ಇದ್ದ. ದೊಡ್ಡ ಮನಸು."

ನಾನು ಮಜ್ಜಿಗೆ ಕುಡಿದೆ. ಆ ಹೊಗಳಿಕೆಯನ್ನು ತಿದ್ದಲಿಲ್ಲ. ನಾಲ್ಕನೆಯ ಮನೆಗೆ ಹೋಗಲಿಲ್ಲ.

ಒಂದು ವರ್ಷ ಕಾದು ಅವರು ಕುರುಗೋಡಿಗೆ ಹೋದರು. ಅಲ್ಲಿ ಇನ್ನೂ ಕರೆಂಟು ಬಂದಿರಲಿಲ್ಲ. ಸೈಕಲ್ ರಿಪೇರಿ, ಸ್ಟೋವ್ ರಿಪೇರಿ, ಸುಗ್ಗಿಯಲ್ಲಿ ಸಿರುಗುಪ್ಪದ ಗಿರಣಿ. ಸಂತೆಗೆ ಬಳ್ಳಾರಿಗೆ ಬಂದರೆ ಅವ್ವನನ್ನು ನೋಡಿಕೊಂಡು, ನಮ್ಮ ಮನೆಯ ಸ್ವಿಚ್ಚುಗಳ ಮುಚ್ಚಳವನ್ನೊಮ್ಮೆ ತೆಗೆದು ನೋಡಿ ಹೋಗುವರು. ನಮ್ಮದೊಂದೇ ಮನೆಯಲ್ಲಿ ಅವರ ಕೆಲಸ ನಡೆಯುತ್ತಿತ್ತು. ಇದರಲ್ಲಿ ನಗುವಂಥದ್ದೇನೋ ಇದೆ. ಅವರು ನಗುತ್ತಿದ್ದರು. ನನ್ನ ಮೇಲೆ ಸಿಟ್ಟಿತ್ತೇ, ಇಲ್ಲವೇ, ನನಗೆ ತಿಳಿಯದು. ಇರಲಿಲ್ಲ ಎಂದು ಬರೆಯುವುದು ಸುಲಭ.

ಸಾವಿರದ ಒಂಬೈನೂರ ಐವತ್ತರ ನಂತರದ ಒಂದು ವರ್ಷ, ಅವರು ಜ್ವರದಲ್ಲಿ ತೀರಿಕೊಂಡರು. ಸುದ್ದಿ ತಡವಾಗಿ ಬಂತು. ಮೂರನೆಯ ದಿನ ನಾನು ಕುರುಗೋಡು ಮುಟ್ಟಿದಾಗ ಮಣ್ಣು ಮಾಡಿ ಮುಗಿದಿತ್ತು. ಅಂಗಳದಲ್ಲಿ ಹತ್ತು ಹದಿನೈದು ಮಂದಿ ಕಂಬಳಿ ಹಾಸಿ ಕೂತಿದ್ದರು. ಅವರ ಹೆಂಡತಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದಾಕೆ ತಲೆಯೆತ್ತಿ, ಯಾರ ಪೈಕಿ ಎಂದು ಕೇಳಿದರು. ಬಳ್ಳಾರಿ, ಬ್ರೂಸ್‌ಪೇಟೆ ಎಂದೆ.

"ಕರೆಂಟ್ ಹೊಡದ ಮನಿಯವ್ರೇನು?"

"ಹೌದ್ರಿ. ಆ ತಂತಿ ಎಳದಾಂವ ನಾನ."

ಅಂಗಳದಲ್ಲಿ ಕೂತವರಿಗೆ ಆ ಮಾತು ಅರ್ಥವಾಗಲಿಲ್ಲ. ಒಬ್ಬ ಮುದುಕ, "ತಂತಿ ಎಳದ್ರ ಏನಾತು?" ಎಂದು ನಿಜವಾಗಿಯೂ ತಿಳಿಯದೆ ಕೇಳಿದ. ಕಂದೀಲಿನ ಊರಿನಲ್ಲಿ ಕೂತು ನಾನು ಮೊದಲಿನಿಂದ ಹೇಳಬೇಕಾಯಿತು. ಒದ್ದೆ ನೆಲವೆಂದರೇನು, ಸರಪಳಿಯೊಳಗೆ ತಂತಿ ಪೋಣಿಸಬಾರದು ಏಕೆ, ಆರಿಸಿದ ಬಲ್ಬಿನಲ್ಲಿ ಕರೆಂಟು ಹೇಗೆ ಉಳಿಯುತ್ತದೆ, ಯಾರು ಬೇಡವೆಂದಿದ್ದರು, ಯಾರು ಸುಳ್ಳು ಹೇಳಿದರು, ಇನ್ಸ್‌ಪೆಕ್ಟರು ಕೇಳಿದಾಗ ಯಾರು ಬಾಯಿ ಮುಚ್ಚಿಕೊಂಡು ನಿಂತಿದ್ದರು. ಆ ಹತ್ತಿ ಬಂಡಿಗಳನ್ನು ಈ ಸಲ ತರಲಿಲ್ಲ.

ಆಕೆ ಕೇಳುತ್ತಲೇ ಇದ್ದರು. ಮುಗಿದ ಮೇಲೆ ಅಂದರು:

"ನಾ ಕೇಳಿದಾಗೆಲ್ಲ, ನೋಡಿ ಬಿಟ್ಟು ಬಂದೆ, ನಂದ ತಪ್ಪು ಅಂತಿದ್ರು. ಒಂದಿನಾನೂ ನಿಮ್ಮ ಹೆಸರು ಎತ್ತಲಿಲ್ಲ. ಅಷ್ಟು ವರ್ಷ ನಾನೂ ಹಂಗ ತಿಳಕೊಂಡಿದ್ದೆ. ಬಯ್ದೀನಿ ಸೈತ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಹಂಗಾದ್ರ ಅವರು ಬ್ಯಾಡ ಅಂದಿದ್ರು?"

"ಬ್ಯಾಡ ಅಂದಿದ್ರು. ಎರಡು ಸಲ."

ಆಕೆ ಎದ್ದು ಬಾಗಿಲಿಗೆ ಹೋಗಿ, ಒಳಗಿದ್ದ ಹೆಂಗಸರನ್ನೆಲ್ಲ ಕರೆದರು. ಓಣಿಯಲ್ಲಿ ಹೋಗುತ್ತಿದ್ದ ಇಬ್ಬರನ್ನೂ ನಿಲ್ಲಿಸಿದರು. ಎಲ್ಲರೂ ಬಂದು ನಿಂತ ಮೇಲೆ ನನ್ನ ಕಡೆ ತಿರುಗಿದರು.

"ಇನ್ನೊಮ್ಮೆ ಹೇಳ್ರಿ," ಎಂದರು. "ಜೋರಾಗಿ ಹೇಳ್ರಿ."

ಹೇಳಿದೆ.